ಟ್ಯಾಂಕ್ ರುದ್ರಣ್ಣನ ಮನೆ

ಅಂಗಡಿಯವರ ಮಕ್ಕಳಿಗೆ ಆಟಿಕೆಗೇನು ಬರ ಎಂದು ಶಾಲೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಅವರಿಗೆ ನನ್ನ ಅಮ್ಮನ ಪರಿಚಯ ಇರಲಿಲ್ಲ. ನರಸಿಂಹರಾಜಪುರದ ಪೇಟೆಯಲ್ಲಿ ನಮ್ಮದು ಅಗಲ ಕಡಿಮೆ, ಉದ್ದ ಜಾಸ್ತಿ ಇದ್ದ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಅಮ್ಮನ ಫ್ಯಾನ್ಸಿ ಸ್ಟೋರು. ಅಲ್ಲಿ ಬಳೆ, ರಿಬ್ಬನ್ನು, ಗುಂಡಿ, ಬಾಚಣಿಗೆ, ಪ್ಲಾಸ್ಟಿಕ್ ಆಟಿಕೆ. ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ಅಜ್ಜಿಯ ಪೂಜೆಯ ಗೂಡು, ಕೊನೆಗೆ ಹಿತ್ತಿಲು ಮತ್ತು ಬಾವಿ. ಶಿವಮೊಗ್ಗದಿಂದ ಬಸ್ಸಿನ ಟಾಪಿನ ಮೇಲೆ ಮೂಟೆ ಬಂದ ದಿನ ನಾನೂ ಅಣ್ಣ ಗಿರೀಶನೂ ಅಮ್ಮನ ಎಡಬಲಕ್ಕೆ ಕೂರುತ್ತಿದ್ದೆವು. ಸರಿಯಾಗಿರುವ ಜೀಪು ಗಾಜಿನ ಬೀರುವಿಗೆ, ಗಾಲಿ ಮುರಿದ ಜೀಪು ನಮಗೆ. ರಸ್ತೆಯ ಹೊಂಡಗಳೇ ನಮ್ಮ ಪಾಲಿನ ದೇವರು. ದೇವರು ಕೈಬಿಟ್ಟ ದಿನ ನಾವೇ ಒಂದು ಜೀಪನ್ನು ಕೈಜಾರಿಸಲು ನೋಡಿದರೆ ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು. ಮುರಿದದ್ದೆಲ್ಲ ಒಂದು ದೊಡ್ಡ ವನಸ್ಪತಿ ಡಬ್ಬಕ್ಕೆ ಸೇರುತ್ತಿತ್ತು. ಅಜ್ಜಿ ಅದನ್ನು ಗುಜರಿ ಎಂದು ಕರೆದರೂ ಗುಡಿಸುವಾಗ ಸಿಕ್ಕ ಗಾಲಿಯನ್ನು ಸೆರಗಿನಲ್ಲಿ ಒರೆಸಿ ಅದರೊಳಗೇ ಹಾಕುತ್ತಿದ್ದಳು.

ಅಜ್ಜಿ ಎಂದರೆ ಅಪ್ಪನ ತಾಯಿ. ಅವಳು ಹುಟ್ಟಿ ಬೆಳೆದು ಸಂಸಾರ ಮಾಡಿದ ಊರು ಈಗ ಭದ್ರಾ ಹಿನ್ನೀರಿನ ಅಡಿಯಲ್ಲಿದೆ. ಅಣೆಕಟ್ಟು ಕಟ್ಟಿದಾಗ ಗದ್ದೆ, ಮನೆ, ಗುಡಿ ಎಲ್ಲ ಬಿಟ್ಟು ಎದ್ದು ಬಂದವರಿಗೆ ಪೇಟೆಯಲ್ಲಿ ಸಿಕ್ಕಿದ ಹೆಸರು ‘ಮುಳುಗಡೆಯವರು’. ಸಾಮಾನು ಕೊಳ್ಳಲು ಹೋದರೆ ‘ಮುಳುಗಡೆ ಅಮ್ಮ ಬಂದ್ರು’, ಮಗ ಶಾಲೆಗೆ ಸೇರಿದರೆ ‘ಮುಳುಗಡೆ ರುದ್ರಪ್ಪ’. ಯಾರೂ ಬೈಯುವುದಕ್ಕೆಂದು ಹೇಳುತ್ತಿರಲಿಲ್ಲ, ಗುರುತಿಗೆ ಹೇಳುತ್ತಿದ್ದರು, ಅಷ್ಟೇ. ಆದರೆ ಕರೆಯುವವರಿಗೆ ಗುರುತು, ಕರೆಸಿಕೊಳ್ಳುವವರಿಗೆ ಗಾಯ. ಆ ರುದ್ರಪ್ಪ, ಅಂದರೆ ನನ್ನ ಅಪ್ಪ, ಮಿಲಿಟರಿ ಸೇರಿ, ಮೊದಲ ರಜೆಗೆ ಬಂದು ಬಸ್ಸಿಳಿದಾಗ ಅಜ್ಜಿ ಕೇಳಿದಳಂತೆ, ಅಲ್ಲಿ ನಿನಗೆ ಎಂಥ ಕೆಲಸ ಮಗಾ ಎಂದು. ಟ್ಯಾಂಕು ಓಡಿಸುವುದು ಎಂಬ ಉತ್ತರ ಬಂತಂತೆ. ಅಪ್ಪ ಮನೆಗೆ ಬಂದು ಬೂಟು ಬಿಚ್ಚುವಷ್ಟರಲ್ಲಿ ಇಡೀ ಪೇಟೆಗೆ ಸುದ್ದಿ ಮುಟ್ಟಿತ್ತು. ಅಂದಿನಿಂದ ಅವನು ಟ್ಯಾಂಕ್ ರುದ್ರಣ್ಣ. ಪೆನ್ಶನ್ ತೆಗೆದುಕೊಂಡು ಬಂದು, ಕೊಪ್ಪಕ್ಕೆ ಹೋಗುವ ಖಾಸಗಿ ಬಸ್ಸಿಗೆ ಡ್ರೈವರಾದ ಮೇಲೂ ಪ್ರಯಾಣಿಕರು ಟ್ಯಾಂಕಣ್ಣ ಬಂದ್ರಾ ಎಂದೇ ಕೇಳುತ್ತಿದ್ದರು. ನಮ್ಮ ಮನೆಗೆ ಮುಳುಗಡೆ ಎಂಬ ಹೆಸರು ಹೋಗಿತ್ತು, ಅಜ್ಜಿ ಬೀದಿಯಲ್ಲಿ ತಲೆ ಎತ್ತಿ ನಡೆಯುತ್ತಿದ್ದಳು.

ಇಂಥ ಮನೆಯಲ್ಲಿ ಮಕ್ಕಳು ಗೊಂಬೆಗೆ ಮದುವೆ ಮಾಡಿ ಆಡುವುದುಂಟೇ? ನಾವು ಟ್ಯಾಂಕು ಕಟ್ಟುತ್ತಿದ್ದೆವು. ಗಣರಾಜ್ಯೋತ್ಸವದ ದಿನ ಪಕ್ಕದ ಮನೆಯ ಟಿವಿಯ ಮುಂದೆ ಕೂತು ಕಂಡಷ್ಟೇ ನಮ್ಮ ವಿದ್ಯೆ. ಉಳಿದದ್ದನ್ನು ವನಸ್ಪತಿ ಡಬ್ಬ ಹೇಳಿಕೊಡುತ್ತಿತ್ತು. ಆಟದ ಬುಲ್ಡೋಜರಿನ ರಬ್ಬರ್ ಪಟ್ಟಿ ಟ್ಯಾಂಕಿನ ಪಟ್ಟಿಯಾಗುತ್ತಿತ್ತು. ಅಡುಗೆ ಸೆಟ್ಟಿನ ಪುಟ್ಟ ಬಾಣಲೆಯನ್ನು ಬೋರಲು ಹಾಕಿದರೆ ತಿರುಗುವ ತಲೆ, ಬರೆದು ಮುಗಿದ ರೀಫಿಲ್ಲು ಫಿರಂಗಿ, ಕೋಟಿನ ಗುಂಡಿ ಮೇಲಿನ ಬಾಗಿಲು. ಗಿರಿ ಸೂಜಿಯನ್ನು ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ ಕೊಯ್ಯುತ್ತಿದ್ದ, ನಾನು ಅಂಟಿಸಿ ಬಣ್ಣ ಹಚ್ಚುತ್ತಿದ್ದೆ. ಬೋರ್ಡು ಬರೆಯುವವರಿಂದ ತಂದ ಹಸಿರು ಬಣ್ಣ ಹೊಳೆಯುತ್ತಿತ್ತು, ಟಿವಿಯ ಟ್ಯಾಂಕು ಹೊಳೆಯುತ್ತಿರಲಿಲ್ಲ. ಇದಕ್ಕೇನು ಮಾಡುವುದೆಂದು ತಲೆ ಕೆಡಿಸಿಕೊಂಡಿದ್ದಾಗ ಒಮ್ಮೆ ಅಜ್ಜಿಯ ಗೂಡಿನಲ್ಲಿ ಉದುರಿದ್ದ ವಿಭೂತಿಯ ಪುಡಿ ಬಣ್ಣದೊಳಗೆ ಬಿತ್ತು. ಒಣಗಿದ ಮೇಲೆ ನೋಡಿದರೆ ಹೊಳಪು ಮಾಯ, ಅಸಲಿ ಕಬ್ಬಿಣದ ಕಳೆ. ಮರುದಿನದಿಂದ ಆ ಗೂಡು ಗುಡಿಸುವ ಕೆಲಸವನ್ನು ನಾನು ಭಕ್ತಿಯಿಂದ ವಹಿಸಿಕೊಂಡೆ. ಈ ಕೂಸಿಗೆ ಎಷ್ಟು ದೇವರ ಮೇಲೆ ಮನಸ್ಸು ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಅವಳ ಪೂಜೆಯ ವಿಷಯದಲ್ಲಿ ಮಾತ್ರ ಯಾರ ಆಟವೂ ನಡೆಯುತ್ತಿರಲಿಲ್ಲ. ಕೊರಳಿನ ಲಿಂಗವನ್ನು ಅಂಗೈಲಿಟ್ಟು ಪೂಜೆ ಮುಗಿಸುವ ತನಕ ಅವಳ ಬಾಯಿಗೆ ಹನಿ ನೀರು ಹೋಗದು. ಪೂಜೆಗೆಂದು ತರುವ ನೀರಿಗೆ ನೀರು ಎನ್ನುವಂತಿರಲಿಲ್ಲ, ಅಗ್ಗಣಿ ಎನ್ನಬೇಕು. ಬಾಯಿತಪ್ಪಿ ನೀರು ಎಂದರೆ ಕೂಡಲೇ ತಿದ್ದುತ್ತಿದ್ದಳು. ಆ ತಾಮ್ರದ ತಂಬಿಗೆಯನ್ನು ನಾವು ಮುಟ್ಟುವ ಹಾಗಿಲ್ಲ. ಅಮ್ಮ ಸಹ ದೂರ. ದಿನಾ ಬೆಳಿಗ್ಗೆ ಅಪ್ಪ ಮಿಂದು, ಒದ್ದೆ ಪಂಚೆಯಲ್ಲಿ ಬಾವಿಯಿಂದ ಸೇದಿ, ಯಾರೊಡನೆಯೂ ಮಾತಾಡದೆ, ನೆಲಕ್ಕಿಡದೆ ತಂದುಕೊಡಬೇಕು. ಹಾಗೆ ತರುವಾಗ ಅಪ್ಪನ ಕೈಯಲ್ಲಿ ತಂಬಿಗೆ ಅಲುಗುತ್ತಿರಲಿಲ್ಲ. ತುಂಬಿದ್ದನ್ನು ಚೆಲ್ಲದೆ ತರುವುದರಲ್ಲಿ ಅವನಿಗೆ ಏನೋ ಒಂದು ಹದ ಗೊತ್ತಿತ್ತು. ಅದು ಎಲ್ಲಿಂದ ಬಂತೆಂದು ನಮಗೆ ಯಾರಿಗೂ ಕೇಳಬೇಕೆನಿಸಿರಲಿಲ್ಲ.

ಶಾಲೆಯಲ್ಲಿ ವಸ್ತು ಪ್ರದರ್ಶನ ಎಂದಾಗ ಗಿರಿ ಹೆಸರು ಕೊಟ್ಟು ಬಂದ. ನಾವು ಅದುವರೆಗೆ ಕಟ್ಟಿದ್ದರಲ್ಲೆಲ್ಲ ದೊಡ್ಡ ಟ್ಯಾಂಕು ಅಂಗಡಿಯ ಬೀರುವಿನ ಮೇಲೆ ಕೂತಿತು. ಅದಕ್ಕೊಂದು ರಟ್ಟಿನ ಹಲಗೆ, ಅದರ ಮೇಲೆ ನನ್ನ ಅಕ್ಷರದಲ್ಲಿ ‘ನಮ್ಮ ತಂದೆಯವರು ಓಡಿಸಿದ ಟ್ಯಾಂಕು’. ಅಪ್ಪ ಅದನ್ನು ಓದಿ ಹ್ಞೂಂ ಎಂದು ಬಸ್ಸಿಗೆ ಹೋದ. ಮೊದಲಿಂದಲೂ ಅಪ್ಪ ಅಷ್ಟೇ. ಫಿರಂಗಿ ಹೀಗಿತ್ತಾ, ಹಾಗಿತ್ತಾ ಎಂದು ಕೇಳಿದರೆ ನೀವು ಮಾಡಿದ್ದೇ ಚೆನ್ನಾಗಿದೆ ಎನ್ನುತ್ತಿದ್ದ. ಯುದ್ಧ ಕಂಡವರು ಹೆಚ್ಚು ಮಾತಾಡುವುದಿಲ್ಲ ಎಂದು ಅಜ್ಜಿ ಅದಕ್ಕೂ ಒಂದು ಹೆಮ್ಮೆ ಕಟ್ಟಿದ್ದಳು.

ಪ್ರದರ್ಶನಕ್ಕೆ ವಾರವಿದ್ದಾಗ ಶೆಟ್ಟಿಕೊಪ್ಪದಿಂದ ಅಮ್ಮನ ತಮ್ಮ ಬಸಣ್ಣ ಮಾವ ಬಂದ. ಜೊತೆಗೆ ಅವನ ಹೆಂಡತಿಯ ಕಡೆಯವರೊಬ್ಬರು, ರಜೆಯ ಮೇಲೆ ಬಂದಿದ್ದ ಮಿಲಿಟರಿಯವರು. ತಮ್ಮ ಹೆಂಡತಿಗೆ ಬಳೆ ಕೊಳ್ಳಲು ನಿಂತ ಆ ಮಿಲಿಟರಿಯವರ ಕಣ್ಣು ಬೀರುವಿನ ಮೇಲೆ ಹೋಯಿತು. ಅವರು ರಟ್ಟನ್ನು ಓದಿ, ಅಂಗಡಿಯಲ್ಲಿದ್ದ ಅಪ್ಪನ ಕಡೆ ತಿರುಗಿ ಬೆನ್ನು ನೆಟ್ಟಗೆ ಮಾಡಿದರು.

“ಯಾವ ಟ್ಯಾಂಕ್ ಸಾರ್ ನಿಮ್ದು? ನಾನೂ ಟ್ಯಾಂಕಲ್ಲೇ ಗನ್ನರ್.”

ಅಪ್ಪ ಬಳೆ ಕಟ್ಟುತ್ತಿದ್ದ ಕಾಗದವನ್ನು ಎರಡು ಸಲ ಮಡಚಿದ.

“ನಮ್ದು ಅದಲ್ಲ. ನೀರಿನ ಗಾಡಿ. ಮರಳುಗಾಡಲ್ಲಿ ಗಡಿ ಪೋಸ್ಟಿಗೆ ನೀರು ಕೊಡೋದು.”

“ಓ, ವಾಟರ್ ಟ್ಯಾಂಕರ್.”

“ಹೌದು.”

ಬಂದವರು ನಗಲಿಲ್ಲ. ಸ್ಟೂಲು ಎಳೆದು ಕೂತರು. ಇಬ್ಬರೂ ಹಿಂದಿಯಲ್ಲಿ ಮಾತಿಗಿಳಿದರು. ಅಪ್ಪ ಹಿಂದಿಯಲ್ಲಿ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಕನ್ನಡದ ನಗುವಿಗಿಂತ ಅದು ದೊಡ್ಡದಾಗಿತ್ತು. ಆದರೆ ಬಸಣ್ಣ ಮಾವ ಸುಮ್ಮನಿರುವ ಪೈಕಿಯಲ್ಲ.

“ಎಂಥ ಭಾವ, ಹಿನ್ನೀರಿನ ದಡದಲ್ಲಿ ಬೆಳೆದು, ನೀರು ಹೊರೋಕೆ ಅಷ್ಟು ದೂರ ಹೋಗಿದ್ರಾ ಮಾರಾಯ್ರೆ?”

ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ನಾನು ತಿರುಗಿ ನೋಡಿದೆ. ನಡುಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅಜ್ಜಿ, ಅದನ್ನು ಅಮ್ಮನ ಕೈಗೆ ಕೊಟ್ಟು ಒಳಗೆ ಹೋದಳು. ನೀರಿನಿಂದ ತಪ್ಪಿಸಿಕೊಂಡು ಬಂದು, ಮಗನ ಟ್ಯಾಂಕು ಹತ್ತಿ ಇಷ್ಟು ವರ್ಷ ಎತ್ತರದಲ್ಲಿ ಕೂತಿದ್ದವಳನ್ನು ಒಂದು ತಮಾಷೆಯ ಮಾತು ಮತ್ತೆ ನೀರಿಗಿಳಿಸಿತ್ತು. ನನಗೆ ಆ ವಯಸ್ಸಿನಲ್ಲಿ ಇಷ್ಟೆಲ್ಲ ತಿಳಿಯಲಿಲ್ಲ.

ಸಂಜೆ ಊಟಕ್ಕೆ ಅಕ್ಕಿರೊಟ್ಟಿ, ಬದನೆಕಾಯಿ ಪಲ್ಯ. ಅಜ್ಜಿ ರೊಟ್ಟಿ ಮುರಿದು ತಟ್ಟೆಯಲ್ಲೇ ಇಟ್ಟಿದ್ದಳು.

“ನಾನು ಊರಿಗೆಲ್ಲ ಸಾರಿಕೊಂಡು ಬಂದಾಗ ನೀನು ಬಾಯಲ್ಲಿ ಎಂಥ ಇಟ್ಕಂಡಿದ್ದೆ?”

“ಬಸ್ ಇಳಿದಾಗ ‘ಟ್ಯಾಂಕ್ ಗಾಡಿ’ ಅಂದಿದ್ದೆ ಅವ್ವ. ನೀನು ಗಾಡಿ ಬಿಟ್ಟು ಟ್ಯಾಂಕ್ ಮಾತ್ರ ಇಟ್ಕಂಡೆ.”

“ಆಮೇಲಾದ್ರೂ ಹೇಳ್ಬಾರ್ದಿತ್ತಾ?”

“ಹೇಳೋಣ ಅಂತಲೇ ಬಂದೆ. ನೀನು ಕಟ್ಟೆ ಮೇಲೆ ಕೂತು ನಾಲ್ಕು ಜನಕ್ಕೆ ಹೇಳ್ತಿದ್ದೆ. ಅಷ್ಟು ಖುಷಿಯಾಗಿ ನಿನ್ನ ಮುಖ ನಾನು ನೋಡಿರಲೇ ಇಲ್ಲ. ಹೆಂಗೆ ಹೇಳ್ಲಿ?”

ಅಜ್ಜಿ ತಟ್ಟೆ ಬದಿಗೆ ಸರಿಸಿ ಎದ್ದಳು. ಪ್ರದರ್ಶನಕ್ಕೆ ಏನು ಕೊಂಡೊಯ್ಯುವುದೆಂಬ ಪ್ರಶ್ನೆ ನಮಗೆ ಉಳಿಯಿತು. ಗಿರಿಯದು ಒಂದೇ ಹಟ. ಟ್ಯಾಂಕನ್ನೇ ಒಯ್ಯೋಣ, ಶಾಲೆಯಲ್ಲಿ ಯಾರು ಕೇಳುತ್ತಾರೆ, ನೀರಿನ ಲಾರಿ ನೋಡಿದರೆ ಎಲ್ಲರೂ ನಗುತ್ತಾರೆ ಎಂದ. ಹಾಗಾದರೆ ರಟ್ಟಿನ ಮೇಲೆ ಏನು ಬರೆಯುವುದು ಎಂದು ನಾನು ಕೇಳಿದೆ. ಅವನು ನನ್ನ ಜಡೆ ಎಳೆದ, ನಾನು ಅವನ ಕೈ ಕಚ್ಚಿದೆ. ಅಮ್ಮ ಇಬ್ಬರಿಗೂ ಸಮನಾಗಿ ಕೊಟ್ಟಳು. ಹಂಚುವುದರಲ್ಲಿ ಅಮ್ಮ ಎಂದೂ ಭೇದ ಮಾಡಿದವಳಲ್ಲ.

ಮಾರನೆಯ ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದವನು ಖಾಕಿ ಅಂಗಿ ಬಿಚ್ಚಿ, ನಮ್ಮ ಡಬ್ಬವನ್ನು ನಡುಮನೆಯ ಚಾಪೆಯ ಮೇಲೆ ಸುರಿದ. ಅಷ್ಟು ವರ್ಷ ನಮ್ಮ ಕೆಲಸವನ್ನು ದೂರದಿಂದಲೇ ನೋಡಿದ್ದವನು ಚಕ್ಕಳಮಕ್ಕಳ ಹಾಕಿ ಕೂತ. ಏನನ್ನೂ ವಿವರಿಸದೆ ಒಂದೊಂದೇ ತುಂಡು ಎತ್ತಿ ನೋಡಿ ಪಕ್ಕಕ್ಕಿಡುತ್ತ ಹೋದ. ಹಿಂಬದಿ ಒಡೆದ ಕೆಂಪು ಲಾರಿಯೊಂದು ಸಿಕ್ಕಿತು. ಹೋಳಿಗೆ ತರಿಸಿ ಮಾರಾಟವಾಗದೆ ಹಿಡಿಕೆ ಮುರಿದಿದ್ದ ಪಿಚಕಾರಿಯನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿದ.

“ಇದರ ಹೊಟ್ಟೆ ಸರಿ ಉಂಟು. ಸುಮಿ, ಇದನ್ನ ಲಾರಿ ಮೇಲೆ ಉದ್ದಕ್ಕೆ ಮಲಗಿಸು.”

ಮಲಗಿಸಿದೆ. ನೀರು ಚಿಮ್ಮುವ ಮೂತಿ ಹಿಂದಕ್ಕೆ ಬಂತು, ಅದೇ ನಲ್ಲಿಯಾಯಿತು. ಗಿರಿ ಗೋಡೆಗೊರಗಿ ಮುಖ ಊದಿಸಿ ಕೂತಿದ್ದ, ಕಿವಿ ಮಾತ್ರ ಈ ಕಡೆಗಿತ್ತು. ಅಪ್ಪ ಕೆಲಸ ಮಾಡುತ್ತ ಮಾಡುತ್ತ ಹೇಳುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನ ನೀರು ಸ್ನಾನಕ್ಕಾಗುವಷ್ಟು ಬಿಸಿಯಾಗುತ್ತಿತ್ತಂತೆ. ಬಿಸಿಲಿಗೆ ಗಾಜು ಹೊಳೆದು ದೂರಕ್ಕೆ ಕಾಣಬಾರದೆಂದು ಮುಂದಿನ ಗಾಜಿಗೆ ಮಣ್ಣು ಮೆತ್ತಿ, ಕಣ್ಣಿಗೆ ಬೇಕಾದಷ್ಟು ಮಾತ್ರ ಕಿಂಡಿ ಬಿಡುತ್ತಿದ್ದರಂತೆ. ಪೂರ್ತಿ ತುಂಬಿದ ಗಾಡಿಗಿಂತ ಅರ್ಧ ತುಂಬಿದ ಗಾಡಿ ಕಷ್ಟ, ತಿರುವಿನಲ್ಲಿ ನೀರು ಒಂದು ಕಡೆಗೆ ನುಗ್ಗಿ ಗಾಡಿಯನ್ನು ಎಳೆದುಬಿಡುತ್ತದೆ, ಅದಕ್ಕೇ ಒಳಗೆ ತೂತಿರುವ ತಡಿಕೆ ಕೂರಿಸಿರುತ್ತಾರೆ ಎಂದ. ನಾನು ಒಡೆದ ಬಾಚಣಿಗೆಯೊಂದನ್ನು ಹಿಡಿದು ತೋರಿಸಿದೆ. ಅಪ್ಪನ ಮುಖ ಅರಳಿತು.

“ಕಾಣದೆ ಇರೋದನ್ನ ಎಂಥಕ್ಕೆ ಹಾಕ್ತೀರಿ?” ಗಿರಿ ಗೋಡೆಯ ಹತ್ತಿರದಿಂದಲೇ ಕೇಳಿದ.

“ಕಾಣದಿದ್ರೂ ಇರಬೇಕಲ್ಲ ಮಾರಾಯ. ಗಾಡಿಗೆ ಗೊತ್ತಾಗ್ತದೆ.”

ನಾನು ಈಗಲೂ ಕೊಪ್ಪದ ನನ್ನ ಮನೆಯ ಕಿಟಕಿಯ ಬಳಿ ಕೂತು ಗಾಡಿ ಕಟ್ಟುತ್ತೇನೆ. ಫೋನಿನಲ್ಲಿ ಒತ್ತಿದರೆ ಎಲ್ಲ ತುಂಡುಗಳಿಗೂ ನಂಬರು ಹಾಕಿದ ಪೆಟ್ಟಿಗೆಗಳು ಮನೆಗೇ ಬರುತ್ತವೆ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇದೆಂಥ ಹುಚ್ಚು ಎನ್ನುವವರಿದ್ದಾರೆ, ಅವರ ಮಕ್ಕಳೇ ಮುರಿದ ಆಟಿಕೆ ತಂದು ನನ್ನ ಮೇಜಿನ ಮೇಲೆ ಸುರಿಯುತ್ತಾರೆ. ಪೆಟ್ಟಿಗೆಯಲ್ಲಿ ಇಲ್ಲದಿದ್ದರೂ, ಮುಚ್ಚಿದ ಮೇಲೆ ಯಾರಿಗೂ ಕಾಣದಿದ್ದರೂ ಸೀಟಿನಡಿಯ ಸ್ಪ್ಯಾನರನ್ನೋ ಡ್ರೈವರನ ಟಿಫಿನ್ ಡಬ್ಬಿಯನ್ನೋ ಮಾಡಿ ಒಳಗಿಡದೆ ನನಗೆ ಸಮಾಧಾನವಿಲ್ಲ. ಅಪ್ಪನ ಆ ಒಂದು ಮಾತು ನನ್ನ ಕೈಗೆ ಹತ್ತಿದ್ದು ಇಂದಿಗೂ ಬಿಟ್ಟಿಲ್ಲ.

ಅಂದು ಗಾಲಿಯ ಹತ್ತಿರ ಬಂದು ಕೆಲಸ ನಿಂತಿತು. ಅಪ್ಪನ ಗಾಡಿಗೆ ಆರು ಗಾಲಿ, ಒಂದೇ ಅಳತೆಯವು. ಡಬ್ಬವನ್ನು ತಿರುವಿ ಹಾಕಿದರೂ ಜೊತೆಯಾಗುವ ಆರು ಸಿಗಲಿಲ್ಲ. ಇದ್ದ ಆರು ಗಾಲಿ ಬೀರುವಿನ ಮೇಲಿನ ಟ್ಯಾಂಕಿನ ರಬ್ಬರ್ ಪಟ್ಟಿಯೊಳಗೆ ಕೂತಿದ್ದವು. ನಾನು ಗಿರಿಯ ಕಡೆ ನೋಡಿದೆ. ಅಪ್ಪ ನೋಡಲಿಲ್ಲ, ಬಾಚಣಿಗೆಯ ಹಲ್ಲು ಉಜ್ಜುತ್ತ ಕೂತಿದ್ದ.

“ಅಪ್ಪ, ಆ ಫಿರಂಗಿ ಟ್ಯಾಂಕಿನವರು ನೀರಿಗೆ ಎಂಥ ಮಾಡ್ತಿದ್ರು?” ಗಿರಿ ಕೇಳಿದ.

“ಎಂಥ ಮಾಡ್ತಾರೆ? ಮಗ್ಗು ಹಿಡ್ಕಂಡು ನನ್ನ ಗಾಡಿ ಹತ್ರ ಸಾಲು ನಿಲ್ತಿದ್ರು. ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ದೂರದಿಂದ ಇಂಜಿನ್ ಸದ್ದು ಕೇಳಿದ್ರೆ ‘ಪಾನಿ ಆಯಾ, ಪಾನಿ ಆಯಾ’ ಅಂತ ಕೂಗೋರು. ಅಷ್ಟು ಚೆಂದ ನನ್ನ ಇನ್ನೆಲ್ಲೂ ಯಾರೂ ಕರೆದಿಲ್ಲ.”

ಗಿರಿ ಎದ್ದು ಅಂಗಡಿಗೆ ಹೋದ. ಟ್ಯಾಂಕು ಹಿಡಿದು ಬಂದವನು ಚಾಪೆಯ ಮೇಲೆ ಕೂತು, ತಾನೇ ಪಟ್ಟಿ ಕಳಚಿ, ಗಾಲಿಗಳನ್ನು ಒಂದೊಂದಾಗಿ ತೆಗೆದು ಅಪ್ಪನ ಮುಂದಿಟ್ಟ. ಬಾಣಲೆಯ ತಲೆಯನ್ನು ಮಾತ್ರ ಜೇಬಿಗೆ ಹಾಕಿಕೊಂಡ.

ಇಷ್ಟು ದಿನ ಅಜ್ಜಿ ನಮ್ಮ ನಡುವೆ ಓಡಾಡುತ್ತಿದ್ದರೂ ಆ ಚಾಪೆಯ ಕಡೆ ಕಣ್ಣು ಹಾಯಿಸಿರಲಿಲ್ಲ. ಅಪ್ಪ ಬೆಳಿಗ್ಗೆ ತಂದುಕೊಟ್ಟ ತಂಬಿಗೆಯನ್ನು ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದಳು. ಜಗಲಿಯ ಕಟ್ಟೆಗೆ ಹೋಗಿ ಕೂರುವುದನ್ನು ಬಿಟ್ಟಿದ್ದಳು. ಬಣ್ಣ ಹಚ್ಚುವ ದಿನ ನನಗೆ ಪೇಚಾಟ. ಮರಳಿನ ಬಣ್ಣ ಬೇಕು, ಹಳದಿ ಇತ್ತು, ಹೊಳಪು ತೆಗೆಯಲು ವಿಭೂತಿ ಬೇಕಿತ್ತು, ಗೂಡಿನ ಹತ್ತಿರ ಹೋಗಲು ಧೈರ್ಯವಿರಲಿಲ್ಲ. ಶಾಲೆಯಿಂದ ಬಂದು ನೋಡಿದರೆ ನನ್ನ ಬಣ್ಣದ ಬಟ್ಟಲಿನ ಪಕ್ಕದಲ್ಲಿ ಅರ್ಧ ವಿಭೂತಿ ಗಟ್ಟಿ ಇತ್ತು. ಅಡುಗೆಮನೆಯಲ್ಲಿ ಅಜ್ಜಿ ನನ್ನ ಕಡೆ ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದಳು.

“ಉದುರಿದ ಪುಡಿ ಎಷ್ಟಂತ ಬಳೀತೀಯ? ನನ್ನ ಗೂಡು ಅಷ್ಟು ಚೊಕ್ಕಟ ಎಂಥಕ್ಕೆ ಇರ್ತಿತ್ತು ಅಂತ ನಂಗೆ ಗೊತ್ತಿಲ್ಲ ಅಂದ್ಕಂಡ್ಯಾ?”

ಪ್ರದರ್ಶನದ ಬೆಳಿಗ್ಗೆ ಗಾಡಿ ಸಿದ್ಧವಾಗಿತ್ತು. ಮರಳಿನ ಬಣ್ಣ, ಗಾಜಿಗೆ ಮೆತ್ತಿದ ಮಣ್ಣಿನಲ್ಲಿ ಒಂದು ಕಿಂಡಿ, ಆರು ಗಾಲಿ, ನೀರು ತುಂಬುವ ತೂತಿಗೆ ಮೇಲೊಂದು ಮುಚ್ಚಳ, ಹಿಂದೆ ಬಿರಡೆ ಹಾಕಿದ ನಲ್ಲಿ, ಒಳಗೆ ಯಾರಿಗೂ ಕಾಣದ ಬಾಚಣಿಗೆಯ ತಡಿಕೆ. ರಟ್ಟಿನ ಹಲಗೆ ಹಳೆಯದೇ, ಬದಲಿಸುವ ಅಗತ್ಯ ಬೀಳಲಿಲ್ಲ. ಗಿರಿ ಗಾಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅಪ್ಪ ಖಾಕಿ ತೊಟ್ಟು ಬಸ್ಸಿಗೆ ಹೊರಟು ನಿಂತಿದ್ದ. ಅಜ್ಜಿಯ ಪೂಜೆ ಆಗಷ್ಟೇ ಮುಗಿದಿತ್ತು.

“ನಿಲ್ರಿ. ಖಾಲಿ ಗಾಡಿ ಎಂಥಕ್ಕೆ ತಗಂಡು ಹೋಗ್ತೀರಿ?”

ಹಣೆಯ ವಿಭೂತಿ ಇನ್ನೂ ಒದ್ದೆಯಿದ್ದ ಅಜ್ಜಿ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ತಾಮ್ರದ ತಂಬಿಗೆ. ನಾವು ಯಾರೂ ಬೆರಳು ತಾಗಿಸುವಂತಿರದ ಆ ತಂಬಿಗೆಯ ಬಾಯಿಯನ್ನು ಪಿಚಕಾರಿಯ ಪ್ಲಾಸ್ಟಿಕ್ ಹೊಟ್ಟೆಯ ಮೇಲಿನ ತೂತಿಗೆ ತಾಗಿಸಿ, ಉಳಿದಿದ್ದಷ್ಟನ್ನೂ ನಿಧಾನಕ್ಕೆ ಬಗ್ಗಿಸಿದಳು. ಒಳಗೆ ಬಾಚಣಿಗೆಯ ಹಲ್ಲುಗಳ ನಡುವೆ ಹರಿದ ಸದ್ದು ಕೇಳಿತು. ಬಳೆಯ ಪೆಟ್ಟಿಗೆ ಹಿಡಿದ ಅಮ್ಮ ನಿಂತಲ್ಲೇ ನಿಂತಳು. ಅಜ್ಜಿ ಮುಚ್ಚಳ ಒತ್ತಿ, ಅಪ್ಪನ ಕಡೆ ನೋಡಿದಳು.

“ಅಲ್ಲಿಯವರು ಇದಕ್ಕೆ ಎಂಥ ಅಂತಿದ್ರು ಅಂದೆ?”

“ಪಾನಿ ಅಂತಿದ್ರು ಅವ್ವ.”

“ಅವರಿಗೆ ತಿಳೀದು ಬಿಡು. ಅಗ್ಗಣಿ ಅನ್ನಬೇಕು.”

ಅಪ್ಪ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಅವನ ಕಣ್ಣು ತುಂಬಿದ್ದನ್ನು ನಾನು ಕಂಡೆ, ನನಗೂ ಅಳು ಬಂತು, ಎಷ್ಟು ಸಂತೋಷವಾಗಿತ್ತೆಂದು ಈಗಲೂ ಹೇಳಲು ಬರುವುದಿಲ್ಲ. ಅಜ್ಜಿ ಬರಿದಾದ ತಂಬಿಗೆಯನ್ನು ಸೊಂಟಕ್ಕಿಟ್ಟುಕೊಂಡು, ಅಷ್ಟು ದಿನದ ಮೇಲೆ ಜಗಲಿಯ ಕಟ್ಟೆಗೆ ಬಂದು ಕೂತಳು. ನಾವು ಬೀದಿಗಿಳಿದೆವು. ಗಿರಿ ಮುಂದೆ, ನಲ್ಲಿಯ ಕೆಳಗೆ ಅಂಗೈ ಒಡ್ಡಿಕೊಂಡು ನಾನು ಪಕ್ಕದಲ್ಲಿ. ಎದುರಾದವರೊಬ್ಬರು ನಿಂತು, ಎಂಥಾ ಅದು ಮಕ್ಕಳೇ ಎಂದು ಬಗ್ಗಿ ನೋಡಿದರು.

“ನಮ್ಮಪ್ಪ ಓಡಿಸ್ತಿದ್ದ ಟ್ಯಾಂಕು,” ಗಿರಿ ಎಂದ. “ದಾರಿ ಬಿಡಿ, ತುಂಬಿದ ಗಾಡಿ.”